ನೇರಳೆ ಗೆರೆಯ ಚೌಕ

೧೦ ಏಪ್ರಿಲ್ ೧೯೮೮, ರವಿವಾರ
ಶಿಗ್ಗಾವಿ

ಕುಲಸುಮಬಿಯವರ ಮನೆಯ ಹಿಂದಿನ ಕೋಣೆ ಬಾಡಿಗೆಗೆ ಸಿಕ್ಕಿತು. ಒಂದು ಕಿಟಕಿ, ಎರಡು ಹೊರಸು, ಮೂಲೆಯಲ್ಲಿ ಬಚ್ಚಲು. ಹಿರೇಕೆರೂರಿನಿಂದ ದಿನಾ ಹುಬ್ಬಳ್ಳಿಯ ಆಸ್ಪತ್ರೆಗೆ ಹೋಗಿಬರುವುದು ಅಕ್ಕನಿಂದ ಆಗದ ಮಾತು. ಇಲ್ಲಿಂದ ಬಸ್ಸಿಗೆ ಒಂದೂವರೆ ತಾಸು. ಕ್ಯಾನ್ಸರ್ ಬಂದ ಎದೆಯ ಶಸ್ತ್ರಕ್ರಿಯೆ ಮಾರ್ಚಿನಲ್ಲಿ ಆಯಿತು. ಈಗ ಕಿರಣ ಬಿಡುವ ಕೋಬಾಲ್ಟ್ ಯಂತ್ರದ ಕೆಳಗೆ ಇಪ್ಪತ್ತೈದು ಸಲ ಮಲಗಬೇಕು. ಸೋಮವಾರದಿಂದ ಶುಕ್ರವಾರ, ದಿನಕ್ಕೊಂದರಂತೆ. ನಡುವಿನ ಒಂದು ರಜೆ ಬಿಟ್ಟರೆ ಮೇ ಹದಿನಾರಕ್ಕೆ ಮುಗಿಯುತ್ತದೆ. ನನ್ನ ರಜೆ ಹದಿನೇಳಕ್ಕೆ ಮುಗಿಯುತ್ತದೆ. ಲೆಕ್ಕ ಕೂಡುತ್ತದೆ.

ಅಕ್ಕನ ಗಂಡ ಮಹಾಲಿಂಗಪ್ಪ ಮಾಮಾ ನಮ್ಮನ್ನು ಬಿಟ್ಟು ಸಂಜೆಯ ಬಸ್ಸಿಗೆ ಹೋದರು. ಬಟ್ಟೆ ಅಂಗಡಿ ಎಷ್ಟು ದಿನ ಮುಚ್ಚಲಾದೀತು. ಹೊರಡುವಾಗ ಅಕ್ಕನ ಕಡೆ ನೋಡದೆ ನನಗೆ, “ಬಿಸಿನೀರ ಕುಡಸವಾ” ಎಂದರು. ಮೂವತ್ತೆಂಟು ವರ್ಷದಲ್ಲಿ ಅವರು ತನ್ನೊಂದಿಗೆ ಆಡಿದ ಮಾತೆಲ್ಲ ಒಂದು ಕಾರ್ಡಿನಲ್ಲಿ ಹಿಡಿಸುತ್ತದೆ, ವಿಳಾಸಕ್ಕೂ ಜಾಗ ಉಳಿಯುತ್ತದೆ ಎಂದು ಅಕ್ಕ ನಕ್ಕಳು.

ನಾನು ಬಟ್ಟೆಗಿಂತ ಕಾಗದವನ್ನೇ ಹೆಚ್ಚು ತಂದಿದ್ದೇನೆ. ಬೆಂಗಳೂರಿನ ನಮ್ಮ ಲ್ಯಾಬಿನಲ್ಲಿ ಉಪಗ್ರಹದ ಕಿರಣ ಹಿಡಿಯುವ ಹರಳನ್ನು ಪರೀಕ್ಷಿಸಿದಾಗಿನ ಎಣಿಕೆಗಳು, ಮಡಿಕೆ ಮಡಿಕೆಯಾಗಿ. ಹಾರಿಸುವುದು ಜುಲೈಯಲ್ಲಿ. ಹೋದ ವರ್ಷದ್ದು ಸಮುದ್ರಕ್ಕೆ ಬಿತ್ತು, ಇದು ಎರಡನೆಯದು. ಎಣಿಕೆಯಲ್ಲಿ ಎಷ್ಟು ಜಿಗಿತ ಬಂದರೆ ಅದನ್ನು ಗಾಮಾ ಸ್ಫೋಟವೆಂದು ಯಂತ್ರ ನಂಬಬೇಕು ಎಂಬ ಒಂದು ಅಂಕಿಯನ್ನು ನಾನು ಗೊತ್ತುಮಾಡಿ ಹಯಾತನಿಗೆ ತಿಳಿಸಬೇಕು. ಮೇ ಹದಿನೆಂಟಕ್ಕೆ ಕೊನೆಯ ಪರೀಕ್ಷೆ. ಹಯಾತ ನನ್ನ ಜೊತೆ ಕೆಲಸ ಮಾಡುವವನು, ನನಗಿಂತ ಹದಿನೈದು ವರ್ಷ ಚಿಕ್ಕವನು, ಅವಸರದವನು. ಆ ಪರೀಕ್ಷೆಗೆ ನಾನಿರಲೇಬೇಕು.

೧೧ ಏಪ್ರಿಲ್, ಸೋಮವಾರ

ಮೊದಲನೆಯದು ಮುಗಿಯಿತು. ಕಿರಣ ಬಿದ್ದದ್ದು ಎರಡು ನಿಮಿಷ, ಕಾದದ್ದು ನಾಲ್ಕು ತಾಸು.

ಡಾಕ್ಟರು ಅಳತೆ ಹಿಡಿದು ಅಕ್ಕನ ಎಡ ಎದೆ ಇದ್ದ ಜಾಗದಲ್ಲಿ ನೇರಳೆ ಬಣ್ಣದ ಒಂದು ಚೌಕ ಬರೆದರು. ಯಂತ್ರದ ಬೆಳಕು ಆ ಚೌಕಕ್ಕೆ ಸರಿಯಾಗಿ ಕೂತ ಮೇಲೆಯೇ ಕೋಬಾಲ್ಟಿನ ಬಾಗಿಲು ತೆರೆಯುತ್ತದೆ. ಐದು ವಾರ ಆ ಗೆರೆಗೆ ನೀರು ತಾಕಬಾರದು. ಅಳಿಸಿದರೆ ಡಾಕ್ಟರೇ ಮತ್ತೆ ಬರೆಯಬೇಕು, ಅವರು ಬರುವುದು ಸೋಮವಾರ ಮಾತ್ರ.

ಯಂತ್ರ ನಡೆಸುವವರು ಮಲ್ಲಿಕಸಾಬ ಎನ್ನುವವರು, ಸವಣೂರಿನವರು. ಅಕ್ಕನ ಕೊರಳಿನಲ್ಲಿದ್ದ ಲಿಂಗದ ಕರಡಿಗೆ ನೋಡಿ ನಿಂತರು.

“ಇದನ್ನ ತೆಗೀಬೇಕಾಗತೈತ್ರಿ ಅಕ್ಕಾರ. ಬೆಳ್ಳಿ ಐತಿ, ಕಿರಣಕ್ಕ ಅಡ್ಡ ಬರತೈತಿ.”

“ಲಿಂಗಾ ತೆಗದು ಎಲ್ಲಿಡ್ಲೋ ತಮ್ಮಾ? ಬೇಕಾರ ನನ್ನ ಜೀವಾ ತೆಗದಿಡು ಅನ್ನು, ಇಡ್ತೇನಿ.”

“ಜೀವಾ ಅಲ್ಲೇ ಇರ್ಲಿರಿ, ಅದರ ಸಲುವಾಗೇ ಇಷ್ಟೆಲ್ಲಾ ಹೊಡದಾಟ. ಲಿಂಗಾ ಬಲಗೈ ತೋಳಿಗೆ ಕಟ್ಟಿಕೊಳ್ರಿ. ನಿಮ್ಮ ಮಂದಿ ಎಲ್ಲಾರೂ ಹಂಗ ಮಾಡ್ತಾರ.”

ಅಕ್ಕ ನನ್ನ ಮುಖ ನೋಡಿದಳು. ಲಿಂಗದ ವಿಷಯಕ್ಕೆ ಅಪ್ಪನ ಮಾತನ್ನೂ ಕೇಳದಿದ್ದವಳು ಅವರ ಮಾತು ಕೇಳಿದಳು. ದಾರ ನಾನೇ ಕಟ್ಟಿದೆ.

ಬರುವಾಗ ಬಸ್ಸಿನಲ್ಲಿ ಹೇಳಿದೆ: ಅಲ್ಲಿ ನಿನ್ನ ಮೇಲೆ ಬಿದ್ದದ್ದೂ ಗಾಮಾ ಕಿರಣವೇ, ಹದಿನಾಲ್ಕು ವರ್ಷದಿಂದ ನಾನು ಆಕಾಶದಲ್ಲಿ ಕಾಯುತ್ತಿರುವುದೂ ಅದೇ ಜಾತಿಯದು ಎಂದು.

“ಹಂಗಾರ ನಿಮ್ಮ ಬಳಗ” ಅಂದಳು. “ಸಣ್ಣಾಗಿ ನೋಡಿ ಹೊಡಿ ಅಂತ ಒಂದ್ ಮಾತ ಹೇಳು.”

೧೫ ಏಪ್ರಿಲ್, ಶುಕ್ರವಾರ

ಐದಾದವು. ಸೆಕೆ ತಡೆಯಲಾಗದು. ಇಂದು ಒಬ್ಬ ಹೆಂಗಸಿನ ಗೆರೆ ಬೆವರಿಗೆ ಕರಗಿಹೋಗಿತ್ತು. ಅಲ್ಲಿದ್ದ ಒಬ್ಬ ಸಣ್ಣ ಡಾಕ್ಟರು ಎಲ್ಲರೆದುರು ಬೈದರು, ಸೋಮವಾರ ಬಾ ಎಂದು ಕಳಿಸಿದರು. ಆಕೆ ಸೆರಗಿನಿಂದ ಎದೆ ಮುಚ್ಚಿಕೊಳ್ಳುವುದನ್ನೂ ಮರೆತು ಹೊರಗೆ ನಡೆದಳು. ಅಕ್ಕ ದಾರಿಯುದ್ದಕ್ಕೂ ಸೆರಗಿನಿಂದ ಕುತ್ತಿಗೆಯ ಬೆವರು ಒತ್ತಿಕೊಳ್ಳುತ್ತ ಬಂದಳು.

ದಿನಾ ಬೆಳಿಗ್ಗೆ ತಲೆ, ಕೈಕಾಲು, ಬೆನ್ನು ಒರೆಸಿಕೊಂಡು ಪೂಜೆಗೆ ಕೂರುತ್ತಾಳೆ. “ಮೈ ತೊಳೀದ ಲಿಂಗಾ ಮುಟ್ಟಾಕ ನನಗ ಮನಸ ಬರವಲ್ದು ದಾನಿ. ಕಳ್ಳತನಾ ಮಾಡಿಧಂಗ ಆಗತೈತಿ.” ಇದು ವೈದ್ಯದ ವಿಷಯ, ಪೂಜೆಯದಲ್ಲ ಎಂದು ತಿಳಿಸಿ ಹೇಳಿದೆ. ತಲೆಯಾಡಿಸಿದಳು. ತಿಳಿಯಿತು ಎಂದು ನಾನು ಬರೆದುಕೊಳ್ಳುತ್ತೇನೆ.

೧೮ ಏಪ್ರಿಲ್, ಸೋಮವಾರ

ಆರು. ಸಂಜೆ ಕುಲಸುಮಬಿ ಕೌದಿ ಹೊಲಿಯುತ್ತ ನಮ್ಮ ಹೊಸ್ತಿಲಲ್ಲಿ ಕುಳಿತರು. ಗಂಡ ತೀರಿ ಹತ್ತು ವರ್ಷ, ಮಾತಿಗೆ ಜನ ಬೇಕು. ನನ್ನ ಕಾಗದದ ಮಡಿಕೆ ಎಳೆದು ನೋಡಿದರು.

“ಬಾಯಾರ, ಬರೀ ಅಂಕಿ ಅದಾವ. ಏನ್ ಹುಡಕಾಕತ್ತೀರಿ ಇದರಾಗ?”

“ಆಕಾಶದಾಗ ಎಲ್ಲೋ ಭಾಳ ದೂರ, ಏನೋ ಒಮ್ಮೆಲೇ ಬೆಳಗತೈತ್ರಿ. ಕಣ್ಣಿಗೆ ಕಾಣಂಗಿಲ್ಲ. ಗಾಳಿ ದಾಟಿ ನೆಲಕ್ಕೂ ಬರಂಗಿಲ್ಲ. ಅದಕ್ಕ ಯಂತ್ರಾನ ಮ್ಯಾಲ ಕಳಸ್ತೀವಿ.”

“ಏನು ಬೆಳಗತೈತಿ?”

“ಯಾರಿಗೂ ಗೊತ್ತಿಲ್ರಿ.”

“ಎಲ್ಲಿ?”

“ಅದೂ ಗೊತ್ತಿಲ್ಲ.”

“ಎಷ್ಟೊತ್ತು?”

“ಹತ್ತು ಸೆಕೆಂಡು. ಒಮ್ಮೊಮ್ಮೆ ಅರ್ಧ ಸೆಕೆಂಡು. ಆಮ್ಯಾಲ ಆ ಜಾಗಾದಾಗ ಮತ್ತ ಕಂಡಿಲ್ಲ.”

ಕುಲಸುಮಬಿ ಹಲ್ಲಿನಿಂದ ದಾರ ಕಡಿದರು. “ಇದಕ್ಕ ಸರಕಾರ ಪಗಾರ ಕೊಡತೈತಿ? ನಮ್ಮ ಮನಿಯವರು ಹಿಂಗ ಮಾತಾಡಿದ್ರ ನಾ ರೊಟ್ಟಿ ಹಾಕ್ತಿದ್ದಿಲ್ಲ.”

ಅಕ್ಕ ಕೆಮ್ಮು ಬರುವಷ್ಟು ನಕ್ಕಳು. ಯಾರಾದರೂ ಕದ್ದು ಅಣುಬಾಂಬು ಸಿಡಿಸುವುದನ್ನು ಬಯಲುಮಾಡಲು ಅಮೆರಿಕದವರು ಬಿಟ್ಟಿದ್ದ ಉಪಗ್ರಹಗಳಿಗೆ ಇವು ಮೊದಲು ಸಿಕ್ಕವು ಎಂದು ಹೇಳಿದೆ. “ಕಳ್ಳನ್ನ ಹಿಡ್ಯಾಕ ಹೋದಾವಗ ದೇವರ ಸಿಕ್ಕಂಗಾತು” ಎಂದಳು.

ಯಂತ್ರ ಹೇಗೆ ಹಿಡಿಯುತ್ತದೆ ಎಂಬುದನ್ನೂ ಕೇಳಿದಳು. ದೂರದರ್ಶಕ ಎಂದು ಹೆಸರೇನೋ ಇದೆ, ಆದರೆ ಅದರಲ್ಲಿ ಮಸೂರವಿಲ್ಲ, ಕೊಳವೆಯಿಲ್ಲ. ಕಲ್ಲುಸಕ್ಕರೆಯಂಥ ಒಂದು ಹರಳು. ಕಿರಣ ಬಿದ್ದರೆ ಮಿನುಗುತ್ತದೆ, ಯಂತ್ರ ಮಿನುಗನ್ನು ಎಣಿಸುತ್ತದೆ. ಎಣಿಸಿದ್ದನ್ನು ಕೆಲವು ಸೆಕೆಂಡು ನೆನಪಿಟ್ಟು ಅಳಿಸುತ್ತ ಹೋಗುತ್ತದೆ. ಜಿಗಿತ ಬಂದಾಗ ಮಾತ್ರ ಅಳಿಸುವುದನ್ನು ನಿಲ್ಲಿಸುತ್ತದೆ. ಅದಕ್ಕೂ ಮುಂಚಿನ ಸೆಕೆಂಡುಗಳು ಆಗ ಉಳಿದುಕೊಳ್ಳುತ್ತವೆ.

“ಅಂದ್ರ ಆಗೂದು ಆದಮ್ಯಾಲ ಹಿಂದಿಂದು ನೆನಪ ಮಾಡಿಕೊಂತೈತಿ” ಎಂದಳು ಅಕ್ಕ. ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವಳು. ಅವ್ವ ಸತ್ತಾಗ ನನಗೆ ಎರಡು, ಅವಳಿಗೆ ಹತ್ತು. ನಾನು ಕಲಿಯಲೆಂದು ಅವಳು ಬಿಟ್ಟಳು.

೧೯ ಏಪ್ರಿಲ್, ಮಂಗಳವಾರ

ಇಂದು ಬಸವಜಯಂತಿ, ಆಸ್ಪತ್ರೆಗೆ ರಜೆ. ಹಯಾತನಿಗೆ ಫೋನು ಮಾಡಲು ಬೆಳಿಗ್ಗೆ ಬಸ್‌ಸ್ಟ್ಯಾಂಡಿನ ಹತ್ತಿರದ ಅಂಗಡಿಗೆ ಹೋದೆ. ಟ್ರಂಕ್ ಕಾಲ್ ಸಿಗಲು ಮೂರು ತಾಸು. ಹರಳಿನ ಎಣಿಕೆ ಬಿಸಿಗೆ ಸ್ವಲ್ಪ ಏರುತ್ತಿದೆಯಂತೆ. ಅದರ ಬಗ್ಗೆ ಒಂಬತ್ತು ನಿಮಿಷ ಮಾತಾಡಿದೆ.

ಬಂದಾಗ ಅಕ್ಕ ಪೂಜೆ ಮುಗಿಸಿ, ವಿಭೂತಿ ಹಚ್ಚಿಕೊಂಡು, ಗೋಡೆಗೆ ಒರಗಿ ಕುಳಿತಿದ್ದಳು. ಕೂದಲು ಒದ್ದೆ. ಕೋಣೆಯಲ್ಲಿ ಸೀಗೆಕಾಯಿ ವಾಸನೆ. ನನಗೆ ತಿಳಿದುಹೋಯಿತು.

“ಹಬ್ಬದ ದಿನಾ, ದಾನಿ. ಬರೀ ಒಂದ ತಂಬಗಿ ಹಾಕ್ಕೋಬೇಕಂತ ಹ್ವಾದೆ. ನೀರ ಬಿತ್ತು ನೋಡು, ಕೈ ನಿಲ್ಲಲಿಲ್ಲ.”

ಸೆರಗು ಸರಿಸಿದಳು. ಚೌಕ ಹೋಗಿತ್ತು. ಮೇಲಿನ ಎರಡು ಮೂಲೆಗಳು ಮಸುಕಾಗಿ ಉಳಿದಿದ್ದವು. ಕೆಳಗಿನ ಗೆರೆಯ ಗುರುತೇ ಇಲ್ಲ. ನಾನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಉಳಿದ ಮೂಲೆಗಳನ್ನೇ ನೋಡುತ್ತ ನಿಂತೆ, ಅದಕ್ಕೆ ಅವಳು ಅಳತೊಡಗಿದಳು. ಐವತ್ತಾರು ವರ್ಷದ ಅಕ್ಕ ನನ್ನೆದುರು ಅತ್ತದ್ದನ್ನು ನಾನು ಕಂಡಿರಲಿಲ್ಲ.

“ಆ ಹೆಣಮಗಳಿಗೆ ಅಂದಂಗ ನನಗೂ ಅಂತಾರ. ಎಲ್ಲಾರ ಮುಂದ. ನಾ ಒಲ್ಲೆ. ಅಲ್ಲಿಗೆ ನಾ ಇನ್ನ ಬರಂಗಿಲ್ಲ ನೋಡು.” ಮೂಗು ಒರೆಸಿಕೊಂಡು, “ಗೆರಿ ನೀನ ತೆಗೀ. ದಿನಾ ನೋಡೀಯಲ್ಲ. ಕೂದಲೆಳಿ ಅಳೀಯಾಕಿ ನೀನು, ಒಂದ ಚೌಕ ಬರಂಗಿಲ್ಲೇನು?”

ಸೋಮವಾರದವರೆಗೆ ಕಾಯಬಹುದಿತ್ತು. ಕಾದರೆ ಬುಧ, ಗುರು, ಶುಕ್ರ ಮೂರು ಸಲ ತಪ್ಪುತ್ತವೆ. ಮುಗಿಯುವುದು ಮೇ ಹತ್ತೊಂಬತ್ತಕ್ಕೆ ಹೋಗುತ್ತದೆ. ಹದಿನೆಂಟಕ್ಕೆ ನನ್ನ ಪರೀಕ್ಷೆ. ಈ ಲೆಕ್ಕ ನಾನು ಮಾಡಿದೆ. ಅವಳು ಅಳುತ್ತಿರುವಾಗಲೇ ಮಾಡಿದೆ.

ಔಷಧಿ ಅಂಗಡಿಯಲ್ಲಿ ಗಾಯಕ್ಕೆ ಹಚ್ಚುವ ನೇರಳೆ ಔಷಧ ಸಿಕ್ಕಿತು. ಕಸಬರಿಗೆಯ ಕಡ್ಡಿ ಸೀಳಿ ಅದರಲ್ಲಿ ಅದ್ದಿದೆ. ಕುಲಸುಮಬಿಯವರ ಹೊಲಿಗೆ ಟೇಪು ತಂದೆ. ಆದರೆ ಅಳೆಯಲು ಮೊದಲಿನ ಅಳತೆ ನನ್ನ ಬಳಿ ಇರಲಿಲ್ಲ. ಎಂಟು ದಿನ ನೋಡಿದ್ದ ಕಣ್ಣಿನ ಮೇಲೆ ಬರೆದೆ. ಮೇಲಿನ ಗೆರೆ ಸರಿ ಇರಬೇಕು. ಪಕ್ಕದವು ಸರಿ ಇರಬೇಕು. ಕೆಳಗಿನದು ಪಕ್ಕೆಲುಬಿನ ಆ ಮೂಳೆಯ ಮೇಲಿತ್ತೋ ಕೆಳಗಿತ್ತೋ. ಮೇಲೆ ಬರೆದೆ.

“ಕಚಗುಳಿ ಆಗತೈತಿ” ಎಂದು ಅಕ್ಕ ಕಣ್ಣೀರಿನಲ್ಲೇ ನಕ್ಕಳು.

೨೦ ಏಪ್ರಿಲ್, ಬುಧವಾರ

ಏಳು. ಬೆಳಕು ಚೌಕಕ್ಕೆ ಕೂತಿತು. ಯಾರೂ ಏನೂ ಕೇಳಲಿಲ್ಲ.

೨೯ ಏಪ್ರಿಲ್, ಶುಕ್ರವಾರ

ಹದಿನಾಲ್ಕು. ಚೌಕದೊಳಗಿನ ಚರ್ಮ ಕಪ್ಪಾಗುತ್ತಿದೆ. ನುಂಗಲು ನೋವು. ಮಾಮಾ ಪ್ರತಿ ರವಿವಾರ ತರುವ ಗರಿಗರಿ ಒಣಗಿದ ಕಟಕ ರೊಟ್ಟಿಯನ್ನು ಅಕ್ಕ ಮಜ್ಜಿಗೆಯಲ್ಲಿ ನೆನೆಸಿ ಸುಮ್ಮನೆ ಕಲಸುತ್ತಾಳೆ.

ತಂದಿದ್ದ ಕವಿತೆಯ ಪುಸ್ತಕ ತೆರೆದೆ. ನಾಲ್ಕು ಸಾಲು ಓದಿ ಮುಚ್ಚಿದೆ. ಎಲ್ಲವೂ ಚೆಂದವಾಗಿದ್ದವು, ಅದೇ ಬೇಸರ.

ಅಂಕಿ ಇನ್ನೂ ಗೊತ್ತಾಗಿಲ್ಲ. ಕಡಿಮೆ ಇಟ್ಟರೆ ದಾರಿಹೋಕ ಕಣಗಳಿಗೆಲ್ಲ ಯಂತ್ರ ಬೆಚ್ಚಿ ನೆನಪಿನ ಜಾಗ ತುಂಬಿಬಿಡುತ್ತದೆ. ಹೆಚ್ಚು ಇಟ್ಟರೆ ಕ್ಷೀಣವಾದದ್ದು ಬಂದು ಹೋದರೂ ತಿಳಿಯುವುದಿಲ್ಲ. ಹದಿನಾಲ್ಕು ವರ್ಷ ನಾನು ಹೆಚ್ಚಿನ ಕಡೆಯವಳು. ಸುಳ್ಳನ್ನು ನಂಬುವುದಕ್ಕಿಂತ ನಿಜವನ್ನು ಬಿಡುವುದು ಮೇಲು ಎಂದು ವಾದಿಸುತ್ತ ಬಂದವಳು.

ಎಂಬತ್ತಾರರ ದೀಪಾವಳಿಗೆ ಹಿರೇಕೆರೂರಿಗೆ ಹೋಗಿದ್ದಾಗ, ಅಕ್ಕ ಅಡುಗೆಮನೆಯಲ್ಲಿ ಹೋಳಿಗೆ ಲಟ್ಟಿಸುತ್ತ, “ದಾನಿ, ಇಲ್ಲೊಂದು ಗಂಟಾಗೇತಿ, ನೋಡು” ಎಂದಿದ್ದಳು. ನಾನು ಉಡಾವಣೆಗೆ ಮುಂಚಿನ ವರದಿ ತಿದ್ದುತ್ತಿದ್ದೆ. “ಕೊಬ್ಬಿನ ಗಂಟ ಇರಬೇಕ ತಗೋ” ಎಂದೆ. ತಲೆ ಎತ್ತಿದೆನೋ ಇಲ್ಲವೋ ನೆನಪಿಲ್ಲ. ಅವಳ ಕೈಗೆ ಹಿಟ್ಟು ಹತ್ತಿತ್ತು ಎಂಬುದು ಮಾತ್ರ ಸ್ಪಷ್ಟವಾಗಿ ನೆನಪಿದೆ.

೯ ಮೇ, ಸೋಮವಾರ

ಅಂಕಿ ಬರೆದು ಅಂಚೆಗೆ ಹಾಕಿದೆ. ಇಷ್ಟು ವರ್ಷ ವಾದಿಸಿದ್ದಕ್ಕಿಂತ ಕಡಿಮೆ. ಹಯಾತನಿಗೆ ಕಾರಣ ಬರೆಯಲಿಲ್ಲ. ಎಣಿಕೆ ನೋಡಿದರೆ ಕಾರಣ ಸಿಗುತ್ತದೆ.

ಇಪ್ಪತ್ತನೆಯದು ಮುಗಿಯಿತು. ಡಾಕ್ಟರು ಚೌಕದ ಮೇಲೆ ಒಮ್ಮೆ ಕಣ್ಣಾಡಿಸಿ, “ಚರ್ಮ ಚೆನ್ನಾಗಿ ತಡೆದಿದೆ” ಎಂದರು. ಹೇಳಿಬಿಡೋಣ ಎಂದು ಬಾಯಿ ತೆರೆದೆ. ಅವರು ಮುಂದಿನ ಕಾಗದ ತೆಗೆದುಕೊಂಡರು.

೧೬ ಮೇ, ಸೋಮವಾರ

ಇಪ್ಪತ್ತೈದು. ಅಕ್ಕ ಮಲ್ಲಿಕಸಾಬರ ಕೈಗೆ ತೆಂಗಿನಕಾಯಿ, ಐದು ಬಾಳೆಹಣ್ಣು ಕೊಟ್ಟಳು. ಅವರು ಹಣೆಗೆ ಮುಟ್ಟಿಸಿಕೊಂಡು, “ಸವಣೂರ ಕಡೆ ಬಂದ್ರ ಮನೀಗೆ ಬರ್ರಿ ಅಕ್ಕಾರ, ನಮ್ಮೂರ ವೀಳ್ಯದೆಲಿ ಹಾಕ್ಕೊಂಡ ಹೋಗೀರಂತ” ಎಂದರು. ಮಾಮಾ ಬಂದು ಅವಳನ್ನು ಹಿರೇಕೆರೂರಿಗೆ ಕರೆದೊಯ್ದರು. ಬಸ್ಸಿನ ಕಿಟಕಿಯಿಂದ, “ಮೊದಲ ಹೋಗಿ ಎರಡ ಹಂಡೆ ನೀರ ಹೊಯ್ಕೋತೇನಿ” ಎಂದು ಕೂಗಿದಳು. ಸ್ಟ್ಯಾಂಡಿನಲ್ಲಿ ಎಲ್ಲರೂ ತಿರುಗಿ ನೋಡಿದರು.

ನಾನು ಇಂದೇ ಬೆಂಗಳೂರಿಗೆ.

೨೬ ಜೂನ್, ರವಿವಾರ
ಬೆಂಗಳೂರು

ಹರಳಿದ್ದ ಪೆಟ್ಟಿಗೆ ಉಡಾವಣೆಗೆ ಹೊರಟುಹೋಯಿತು. ಮುಚ್ಚಳದ ತಿರುಪುಗಳನ್ನು ಹಯಾತ ಬಿಗಿದ, ನಾನು ಎಣಿಸಿದೆ. ಹರಳನ್ನು ಇನ್ನು ಯಾರೂ ನೋಡುವುದಿಲ್ಲ.

ಅಕ್ಕನ ಕಾರ್ಡು ಬಂದಿದೆ, ಮಾಮಾ ಬರೆದದ್ದು. ಆರೋಗ್ಯವೆಂದು ಎರಡು ಸಲ ಇದೆ.

೯ ಜುಲೈ, ಶನಿವಾರ

ಅಕ್ಕನಿಗೆ ಹುಷಾರಿಲ್ಲವೆಂದು ಮಾಮಾನ ತಂತಿ ಬಂತು. ಹೊರಟೆ. ಹಯಾತ, “ಬುಧವಾರ ಹಾರಿಸ್ತಾರೆ ಮೇಡಮ್, ನೀವಿಲ್ಲದೆ ಹೇಗೆ?” ಎಂದ. ಗೊತ್ತಿಲ್ಲ ಎಂದೆ.

೧೧ ಜುಲೈ, ಸೋಮವಾರ
ಹಿರೇಕೆರೂರು

ರೋಗ ಮತ್ತೆ, ಎರಡು ಕಡೆ. ಶ್ವಾಸಕೋಶದಲ್ಲಿ ಇದೆಯೆಂದು ಎಕ್ಸ್‌ರೇ ಚಿತ್ರದಲ್ಲಿ ಕಂಡಿದೆ. ಅದು ಮೊದಲೇ ಅಲ್ಲಿಗೆ ಹೋಗಿ ಕೂತಿತ್ತು, ಯಾರಿಂದಲೂ ಏನೂ ಆಗುತ್ತಿರಲಿಲ್ಲ ಎಂದು ಡಾಕ್ಟರು ಮಾಮಾನಿಗೆ ಹೇಳಿದ್ದಾರೆ.

ಇನ್ನೊಂದು, ಎದೆಯ ಮೇಲೆ ಕಡಲೆಕಾಳಿನಷ್ಟು ಒಂದು ಗಂಟು. ಕಪ್ಪಾದ ಚೌಕದ ಕೆಳ ಅಂಚಿನಲ್ಲಿ, ಹೊರಗೆ. ನಾನು ಪಕ್ಕೆಲುಬಿನ ಮೇಲೆ ಎಳೆದ ಗೆರೆಯ ಕೆಳಗೆ.

೧೩ ಜುಲೈ, ಬುಧವಾರ

ಮಧ್ಯಾಹ್ನ ಹಾರಿತು. ಸಂಜೆ ರೇಡಿಯೋದಲ್ಲಿ ಹೇಳಿದರು: ಬಂಗಾಳಕೊಲ್ಲಿಗೆ ಬಿತ್ತು. ಮಾಮಾ ರೇಡಿಯೋ ಬಂದ್ ಮಾಡಿ, ಅಂಗಡಿಯ ಕೀಲಿ ತೆಗೆದುಕೊಂಡು, ಅಂಗಡಿ ಮುಚ್ಚಿದ್ದರೂ ಹೊರಗೆ ಹೋದರು.

“ಇದೂ ಬಿತ್ತೇನು?” ಎಂದು ಅಕ್ಕ ಹಾಸಿಗೆಯಿಂದ ಕೇಳಿದಳು.

“ಬಿತ್ತು.”

“ಎರಡ ಸಲಾ ಗಂಗವ್ವಗ ಬಾಗಿನಾ ಕೊಟ್ಟಂಗಾತು. ಮೂರನೇದು ಆಕೀನ ಎತ್ತಿ ಕೊಡತಾಳ.” ಉಸಿರು ತಗೊಂಡು, “ಬಾ ಇಲ್ಲಿ. ತಲಿ ತೋರಸು, ಎಣ್ಣಿ ಹಚ್ತೇನಿ. ಹೆಂಗ ಒಣಗೇತಿ ನೋಡು” ಎಂದಳು.

ಅವಳ ಕೈಯಲ್ಲಿ ಬಟ್ಟಲು ಎತ್ತುವಷ್ಟು ಶಕ್ತಿಯಿರಲಿಲ್ಲ. ಬಟ್ಟಲು ನಾನು ಹಿಡಿದೆ, ಅವಳು ಬೆರಳದ್ದಿ ಹಚ್ಚಿದಳು. ಅಂಕಿ ಸರಿಯಿತ್ತೋ ತಪ್ಪಿತ್ತೋ ಇನ್ನು ಯಾರಿಗೂ ಗೊತ್ತಾಗುವುದಿಲ್ಲ. ಅದು ಅಷ್ಟು ನೋಯಲಿಲ್ಲ. ಇನ್ನ್ಯಾವುದೋ ನೋಯುತ್ತಿತ್ತು.

೧೪ ಜುಲೈ, ಗುರುವಾರ

ಹೇಳಿದೆ. ಬೆಳಿಗ್ಗೆ ಅವಳಿಗೆ ಗಂಜಿ ಕುಡಿಸುವಾಗ.

“ಅಕ್ಕಾ, ಬಸವಜಯಂತಿ ದಿನಾ ನಾ ತೆಗದ ಗೆರಿ. ಕೆಳಗಿಂದು. ತಪ್ಪ ತೆಗದೇನಿ ಅನಸತೈತಿ. ಒಂದ ಬೆರಳ ಮ್ಯಾಲ ತೆಗದೆ.”

ಅವಳು ನುಂಗಿ ಮುಗಿಸಿದಳು. “ಯಾವ ಗೆರಿ?”

“ಸೋಮವಾರದ ತನಕಾ ಕಾದಿದ್ರ ಡಾಕ್ಟರ್ ತೆಗೀತಿದ್ರು. ನನ್ನ ರಜಾ ಮುಗೀತಿತ್ತು. ಅದಕ್ಕ ಕಾಯಲಿಲ್ಲ ನಾ.”

“ರಜಾ ಇದ್ದಿದ್ರ ಏನ್ ಚಲೋ ತೆಗೀತಿದ್ದೇನು?” ನಗಲು ಹೋಗಿ ಕೆಮ್ಮಿದಳು. ಬೆನ್ನು ನೀವಿದೆ. ಕೆಮ್ಮು ನಿಂತ ಮೇಲೆ, “ಹುಚ್ಚಿ. ಇದನ್ನ ಮೂರ ತಿಂಗಳಿಂದ ಇಟಗೊಂಡ ಕುಂತೀಯೇನ? ಮರುದಿನಾನ ನಾ ಮಲ್ಲಿಕಸಾಬಗ ಹೇಳಿದ್ನೆಲಾ. ನೀ ಹೊರಗ ಬಾಕಿನ ಮ್ಯಾಲ ನಿನ್ನ ಕಾಗದಾ ಹಿಡಕೊಂಡ ಕುಂತಿದ್ದಿ. ಅಂವ ಡಾಕ್ಟರ ಬರದ ಅಳತಿ ನೋಡಿ, ನಿಂದು ಒರಿಸಿ ಹೊಸಾದ ತೆಗದ. ‘ನಿಮ್ಮ ತಂಗ್ಯಾರಿಗೆ ಹೇಳಬ್ಯಾಡ್ರಿ, ಶಾಣ್ಯಾರು, ಮನಸಿಗೆ ಹಚ್ಕೊಂತಾರ’ ಅಂದ.”

“ಖರೇನ?”

“ಲಿಂಗದ ಮ್ಯಾಲ ಕೈ ಇಟ್ಟ ಹೇಳ್ಲೇನು?” ಇನ್ನೂ ತೋಳಿಗಿದ್ದ ಕರಡಿಗೆಯ ಕಡೆ ಕೈ ಒಯ್ದಳು. ಬೇಡ ಎಂದು ಹಿಡಿದುಕೊಂಡೆ.

ಮಧ್ಯಾಹ್ನ ಊಟವಾದ ಮೇಲೆ ಅವಳ ಪಕ್ಕದಲ್ಲೇ ನಿದ್ದೆ ಹೋದೆ. ಸಂಜೆಯ ದೀಪ ಹಚ್ಚುವ ಹೊತ್ತಿಗೆ ಎಚ್ಚರ.

೬ ಆಗಸ್ಟ್

ಲ್ಯಾಬಿನಿಂದ ಪತ್ರ. ರಜೆ ಮುಗಿದಿದೆಯಂತೆ. ಉತ್ತರಿಸಬೇಕು.

ಅಕ್ಕನಿಗೆ ಇಂದು ಮಾತಾಡುವ ಹುಮ್ಮಸ್ಸಿತ್ತು. ನಮ್ಮ ತವರು ಹಾನಗಲ್ಲಿನ ತಾರಕೇಶ್ವರ ಗುಡಿಯ ಛತ್ತಿನಲ್ಲಿ ಕಲ್ಲಿನ ಕಮಲವಿದೆಯಲ್ಲ, ಚಿಕ್ಕವರಿದ್ದಾಗ ಅದರ ಕೆಳಗೆ ಅಂಗಾತ ಮಲಗುತ್ತಿದ್ದೆವು. ಅದಕ್ಕೆ ಎಷ್ಟು ಎಸಳು ಎಂದು ಕೇಳಿದಳು.

“ಎಣಿಸಿಲ್ಲ.”

“ನೋಡ್ರಿ” ಎಂದಳು ಮಾಮಾನಿಗೆ. “ಎಣಿಸೂದಕ್ಕ ಪಗಾರ ತಗೊಂತಾಳ, ತಮ್ಮೂರಾಗಿಂದ ಎಣಿಸಿಲ್ಲಂತ.”

ಮಾಮಾ ನಕ್ಕರು. ಆಮೇಲೆ ಹಿತ್ತಲಿಗೆ ಹೋಗಿ ಬಹಳ ಹೊತ್ತು ಮುಖ ತೊಳೆದರು.

೨೧ ಆಗಸ್ಟ್

ಮಳೆ. ಅಕ್ಕನ ಪೂಜೆಗೆ ನಾನೇ ನೀರು ಹಿಡಿಯುತ್ತೇನೆ. ಲಿಂಗ ಅವಳ ಅಂಗೈಯಲ್ಲಿ, ಅವಳ ಅಂಗೈ ನನ್ನ ಅಂಗೈಯಲ್ಲಿ. ಎಷ್ಟು ಹೊತ್ತಾಗುತ್ತದೆಯೋ ನೋಡುವುದಿಲ್ಲ.

೪ ಸೆಪ್ಟೆಂಬರ್

ಅಕ್ಕ ಹೋದಳು.

೭ ಸೆಪ್ಟೆಂಬರ್

ಬರೆದಿಡಬೇಕು, ಇಲ್ಲದಿದ್ದರೆ ಬೇರೆ ಥರ ನೆನಪಾದೀತು.

ಹೆಂಗಸರು ಮೈ ತೊಳೆಯುವಾಗ ನೀರು ಹಾಕಿದವಳು ನಾನು. ಚೌಕ ಇನ್ನೂ ಇತ್ತು, ಕಂದು ಬಣ್ಣಕ್ಕೆ ಇಳಿದಿತ್ತು. ಮೊದಲ ಆರು ಸಲ ಬಿದ್ದದ್ದು ಡಾಕ್ಟರ ಗೆರೆಯೊಳಗೆ, ಆಮೇಲಿನ ಹತ್ತೊಂಬತ್ತು ನನ್ನದರೊಳಗೆ ಆಗಿದ್ದರೆ, ಕೆಳಗಡೆ ಒಂದು ತಿಳಿಯಾದ ಪಟ್ಟಿ ಇರಬೇಕು. ನೋಡಿದೆ. ಬೆರಳಗಲ ಇದ್ದ ಹಾಗೆ ಕಂಡಿತು. ನೀರು ಹರಿದಾಗ ಇಲ್ಲವೆನಿಸಿತು. ಯಾರೋ “ನೀರ ಹಾಕವಾ ದಾನವ್ವಾ, ಯಾಕ ನಿಂತಿ?” ಎಂದರು. ಹಾಕಿದೆ.

ವಿಭೂತಿ ಹಚ್ಚಿ, ಕೂಡಿಸಿ, ಲಿಂಗವನ್ನು ಎಡಗೈಗೆ ಕೊಟ್ಟು ಮಣ್ಣು ಮಾಡಿದರು. ಮಾಮಾ ಕುಣಿಯ ಅಂಚಿನಲ್ಲಿ ಕುಕ್ಕುರುಗಾಲಲ್ಲಿ ಕುಳಿತು, ಎಲ್ಲರಿಗೂ ಕೇಳುವಂತೆ, “ಸುಶೀಲಾ, ಹೋಗಿಬಾ” ಎಂದರು. ಅವಳ ಹೆಸರನ್ನು ಅವರ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು.

೨೩ ಅಕ್ಟೋಬರ್, ರವಿವಾರ
ಹಾನಗಲ್ಲು

ಇಂದು ಸವಣೂರಿಗೆ ಹೋಗಿದ್ದೆ. ಎರಡು ಕೆಲಸ ಇಟ್ಟುಕೊಂಡಿದ್ದೆ: ಅಕ್ಕನ ಸುದ್ದಿ ಮಲ್ಲಿಕಸಾಬರಿಗೆ ತಿಳಿಸುವುದು, ಗೆರೆಯ ವಿಷಯ ಕೇಳುವುದು. ಅಕ್ಕ ಹೇಳಿದ್ದು ನಿಜವಾದರೆ ನಾನು ಬೆಂಗಳೂರಿಗೆ ಹಿಂತಿರುಗಬಲ್ಲೆ ಎಂದು ಅನಿಸಿತ್ತು.

ಮನೆ ಸುಲಭವಾಗಿ ಸಿಕ್ಕಿತು. ರವಿವಾರ, ಅವರು ಅಂಗಳದಲ್ಲಿ ವೀಳ್ಯದೆಲೆಯ ಪೆಂಡಿಗೆ ನೀರು ಚಿಮುಕಿಸುತ್ತಿದ್ದರು. ನೋಡಿದ ಕೂಡಲೇ ಗುರುತು ಹಿಡಿದು ಕುರ್ಚಿ ತರಿಸಿದರು.

“ಬರ್ರಿ ಬರ್ರಿ ಮೇಡಮ್ಮಾರ, ಕುಂದರ್ರಿ. ಮಾಸೂಮಾ, ಚಾ ಇಡು, ಹಿರೇಕೆರೂರ ಅಕ್ಕಾರ ತಂಗ್ಯಾರು ಬಂದಾರ, ನಾ ಹೇಳತಿದ್ನೆಲ್ಲ!”

ನಾನು ಬಾಯಿ ತೆರೆಯುವ ಮೊದಲೇ ಅವರು ಶುರುಮಾಡಿದರು.

“ಹದಿಮೂರ ವರ್ಷಾತ್ರಿ ಆ ಕೆಲಸಕ್ಕ. ಅಂಥಾ ಪೇಶಂಟ್ ನಾ ಕಂಡಿಲ್ಲ. ಬ್ಯಾಸಿಗ್ಯಾಗ ಐದ ವಾರ, ಒಂದ ದಿನಾ ಗೆರಿ ಅಳಿಸಿಕೊಂಡ ಬರಲಿಲ್ಲ ನೋಡ್ರಿ. ಮಸಕಾದಲ್ಲಿ ಒಂದೀಟ ತಿದ್ದಿದ್ದ ಬಿಟ್ರ ನಾ ಅವರದು ಹೊಸಾದಾಗಿ ತೆಗದಾವನ ಅಲ್ಲ. ಡಾಕ್ಟರ್ ಮೊದಲನೇ ದಿನಾ ಬರದದ್ದು, ಕಡೀತನಕಾ ಅದ ಗೆರಿ.”

ನನ್ನ ಕೈಯಲ್ಲಿ ನೀರಿನ ಲೋಟವಿತ್ತು. ಅದನ್ನು ನೆಲಕ್ಕಿಟ್ಟೆ.

“ಈಗ ಬರೂ ಹೆಣಮಕ್ಕಳಿಗೆಲ್ಲಾ ಅವರದ ಹೆಸರ ಹೇಳ್ತೇನ್ರಿ. ಹಿರೇಕೆರೂರ ಸುಶೀಲಕ್ಕಾರು ಜಳಕಿಲ್ಲದ ಲಿಂಗಾ ಪೂಜಿ ಮಾಡಿದ್ರು, ನಿಮಗೇನ ದಾಡಿ, ಅಂತ. ಮೊನ್ನೆ ತಿಳವಳ್ಳಿಯಾಕಿ ಒಬ್ಬಾಕಿ, ಸಣ್ಣಾಕಿ, ಎರಡ ಕೂಸಿನ ತಾಯಿ, ನಡುವ ಬಿಟ್ಟ ಹೊಂಟಿದ್ಲು. ‘ಆ ಅಕ್ಕಾರು ಈಗ ಹೆಂಗದಾರಂತ’ ಅಂತ ಕೇಳಿದ್ಲು. ನನಗೇನ್ ಗೊತ್ತ್ರಿ? ಇಪ್ಪತ್ತೈದ ಮುಗದ್ವಂದ್ರ ಯಾರೂ ತಿರುಗಿ ಬರಂಗಿಲ್ಲ. ಅರಾಮಾದವರೂ ಬರಂಗಿಲ್ಲ, ಆಗದವರೂ ಬರಂಗಿಲ್ಲ. ‘ಅರಾಮ ಅದಾರವಾ’ ಅಂದ್ಬಿಟ್ಟೆ. ಹೋಗದ ನಿಂತ್ಲು. ನಾಳೆ ಆಕೀದು ಹನ್ನೊಂದನೇದು.”

ಚಿಮುಕಿಸುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು.

“ಹೆಂಗದಾರ್ರಿ ಅಕ್ಕಾರು?”

“ಅರಾಮ ಅದಾಳ್ರಿ” ಎಂದೆ.

“ಹೌದ್ರಿ?”

“ಹೂನ್ರಿ. ಊಟಾ ಮಾಡ್ತಾಳ. ಅಡಗಿನೂ ತಾನ ಮಾಡ್ತಾಳ. ಮೊನ್ನೆ ನನ್ನ ತಲೀಗೆ ಎಣ್ಣಿ ಹಚ್ಚಿದ್ಲು.”

“ಮಾಸೂಮಾ!” ಎಂದು ಅವರು ಒಳಗೆ ಕೂಗಿದರು. “ಕೇಳಿದೇನ? ಅರಾಮ ಅದಾರಂತ!”

ಅವರ ಹೆಂಡತಿ ಸೆರಗಿಗೆ ಕೈ ಒರೆಸುತ್ತ ಬಾಗಿಲಿಗೆ ಬಂದು, ನನ್ನನ್ನು ನೋಡಿ, ಮತ್ತೆ ಒಳಗೆ ಹೋದರು. ಡಬ್ಬಿಯ ಮುಚ್ಚಳ ತೆಗೆಯುವ ಸದ್ದು ಕೇಳಿಸಿತು. ಚಹಾ ಬಂದಾಗ ಅದರಲ್ಲಿ ಸಕ್ಕರೆ ಬಹಳ ಇತ್ತು. ಪೂರ್ತಿ ಕುಡಿದೆ.